ಗೋಪುರದ ಓರೆಗಾಲು

ಗಣಿಯ ಊರನ್ನು ಕಾರಿನಲ್ಲಿ ಕುಳಿತು ನೋಡಿದರೆ ಅರ್ಧ ಊರೂ ಕಾಣುವುದಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ, ಅಂದರೆ ನಮ್ಮೆಲ್ಲರ ಬಾಯಲ್ಲಿ ಕೆ.ಜಿ.ಎಫ್. ಆಗಿರುವ ಊರಿಗೆ, 2018ರಲ್ಲಿ ಸಿನಿಮಾ ಬಂದ ಮೇಲೆ ನೋಡುವವರೇನೋ ಬರುತ್ತಾರೆ. ಸೈನೈಡ್ ದಿಬ್ಬದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮಧ್ಯಾಹ್ನದ ಊಟಕ್ಕೆ ಹೊರಟುಬಿಡುತ್ತಾರೆ. ನನ್ನ ಸಲಹೆ ಬೇರೆ. ಬಂಗಾರಪೇಟೆಯಿಂದ ಗಣಿಗೆಂದೇ 1894ರಲ್ಲಿ ಹಾಕಿದ ಕವಲು ರೈಲುಮಾರ್ಗ ಈಗಲೂ ಇದೆ. ಅದರಲ್ಲಿ ಬಂದು ಊರಿಗಾಂನಲ್ಲಿ ಇಳಿಯಿರಿ. ಚಾಂಪಿಯನ್ ದಾಟಿ ಮಾರಿಕುಪ್ಪಂವರೆಗೆ ನಡೆಯಿರಿ. ಒಂದು ಟೋಪಿ, ಒಂದು ಬಾಟಲಿ ನೀರು ಇದ್ದರೆ ಸಾಕು.

ಮೊದಲು ಕಣ್ಣಿಗೆ ಬೀಳುವುದು ಶಾಫ್ಟುಗಳ ಮೇಲೆ ಉಳಿದಿರುವ ಉಕ್ಕಿನ ಗೋಪುರಗಳು. ತುದಿಯಲ್ಲಿ ದೊಡ್ಡ ಗಾಲಿಗಳು. ಇದು ನಮ್ಮ ಸೇದುವ ಬಾವಿಯ ರಾಟೆಯೇ. ಒಂದು ತೊಟ್ಟಿಲು ಇಳಿಯುವಾಗ ಇನ್ನೊಂದು ಏರುತ್ತದೆ, ಒಂದರ ಭಾರ ಇನ್ನೊಂದಕ್ಕೆ ನೆರವು. ಆದರೆ ಗೋಪುರದ ಕಾಲುಗಳನ್ನು ಗಮನಿಸಿ. ಎರಡು ಕಾಲು ಒಂದು ಕಡೆಗೆ ಓರೆಯಾಗಿ ಚಾಚಿಕೊಂಡಿರುತ್ತವೆ. ಅಂದಕ್ಕಾಗಿ ಅಲ್ಲ. ಹಗ್ಗ ಗಾಲಿಯ ಒಂದು ಬದಿಯಲ್ಲಿ ನೆಟ್ಟಗೆ ಬಾವಿಗೆ ಇಳಿಯುತ್ತದೆ, ಇನ್ನೊಂದು ಬದಿಯಲ್ಲಿ ಓರೆಯಾಗಿ ಎಂಜಿನ್ ಮನೆಗೆ ಹೋಗುತ್ತದೆ. ಎರಡು ಸೆಳೆತಗಳ ಒಟ್ಟು ಬಲ ನಡುವಿನ ದಿಕ್ಕಿನಲ್ಲಿ ಬೀಳುತ್ತದೆ. ಆ ದಿಕ್ಕಿಗೇ ಊರುಗೋಲು ಕೊಟ್ಟಿದ್ದಾರೆ. ಒಂಬತ್ತನೇ ತರಗತಿಯಲ್ಲಿ ಕರಿಹಲಗೆಯ ಮೇಲೆ ಬಲಗಳ ಸಮಾಂತರ ಚತುರ್ಭುಜ ಬರೆದಾಗ ಆಕಳಿಸುವ ಹುಡುಗರನ್ನು ಇಲ್ಲಿ ತಂದು ನಿಲ್ಲಿಸಬೇಕು. ಇನ್ನೊಂದು ಲಾಭವೂ ಇದೆ. ಎಂಜಿನ್ ಮನೆ ಬಿದ್ದುಹೋಗಿದ್ದರೂ ಓರೆಗಾಲು ಚಾಚಿದ ಕಡೆಗೆ ನಡೆದರೆ ಅದರ ಅಡಿಪಾಯ ಎಲ್ಲಿತ್ತೆಂದು ಊಹಿಸಬಹುದು.

ಆ ಎಂಜಿನ್ ಮನೆಗಳಿಗೆ ಮೊದಲು ಉಗಿಯ ಶಕ್ತಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ರಾಜಧಾನಿ ಕಂದೀಲು ಹಿಡಿದಿದ್ದಾಗ ಗಣಿಗೆ ಕರೆಂಟು! 1880ರಲ್ಲಿ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಗೆ ಯಾವುದು ಮುಖ್ಯ ಎಂಬುದರಲ್ಲಿ ಗೊಂದಲವೇ ಇರಲಿಲ್ಲ.

ಗೊಂದಲವಿರಲಿಲ್ಲ ಎಂಬುದಕ್ಕೆ ಮನೆಗಳೂ ಸಾಕ್ಷಿ. ಅಧಿಕಾರಿಗಳ ಬಂಗಲೆಗಳೆಂದರೆ ಎತ್ತರದ ಗೋಡೆ, ಇಳಿಜಾರು ಛಾವಣಿ, ಅಗಲ ಜಗಲಿ, ಸುತ್ತ ತೋಟ. ಪುಟ್ಟ ಇಂಗ್ಲೆಂಡ್ ಎಂದು ಹೊಗಳಿಸಿಕೊಂಡದ್ದು ಈ ಭಾಗ. ಈಗ ಕಿಟಕಿಯ ಚೌಕಟ್ಟು ಕಿತ್ತು ಹೋಗಿ, ಗೋಡೆಯಲ್ಲಿ ಆಲದ ಸಸಿ ಬೇರು ಬಿಟ್ಟಿರುವುದನ್ನು ಕಂಡರೆ ಯಾರಿಗಾದರೂ ಅಯ್ಯೋ ಎನಿಸುತ್ತದೆ. ಆದರೆ ಅಲ್ಲೇ ಅಯ್ಯೋ ಎಂದು ಮುಗಿಸಿ ಹಿಂತಿರುಗುವವರ ಬಗ್ಗೆ ನನಗೆ ತಕರಾರಿದೆ. ಇನ್ನೂ ಸ್ವಲ್ಪ ನಡೆದರೆ ಲೈನುಗಳು ಸಿಗುತ್ತವೆ. ತಮಿಳುನಾಡಿನ ಆರ್ಕಾಟು ಸೀಮೆಯಿಂದ, ಚಿತ್ತೂರಿನ ಕಡೆಯಿಂದ ಬಂದ ಕಾರ್ಮಿಕರಿಗೆ ಕಟ್ಟಿದ ಸಾಲುಮನೆಗಳು. ಗೋಡೆಗೆ ಗೋಡೆ ತಾಗಿದ, ತಲೆ ತಗ್ಗಿಸಿ ಒಳಹೋಗಬೇಕಾದ ಮನೆಗಳು. ಗಣಿಗೆ ಶಿವನಸಮುದ್ರದಿಂದ ವಿದ್ಯುತ್ ತರಬಲ್ಲವರಿಗೆ ಈ ಸಾಲಿನ ಪ್ರತಿ ಮನೆಗೂ ಒಂದು ಪಾಯಿಖಾನೆ ಕಟ್ಟಿಸುವುದು ಕಷ್ಟವಿತ್ತೇ? ಸಾಮೂಹಿಕ ಒಣ ಪಾಯಿಖಾನೆಗಳನ್ನು ಮನುಷ್ಯರೇ ಶುಚಿಮಾಡುವ ಪದ್ಧತಿ ಇಲ್ಲಿ ಈ ಶತಮಾನದಲ್ಲೂ ಮುಂದುವರಿದಿತ್ತು. ಕಂಪೆನಿ ಹೋಯಿತು, 1956ರಲ್ಲಿ ಗಣಿ ಸರ್ಕಾರದ್ದಾಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಲೈನುಗಳು ಲೈನುಗಳಾಗಿಯೇ ಉಳಿದವು.

ಇಲ್ಲಿನ ಗೋಡೆಗಳಲ್ಲಿ ಬಿರುಕು ಕಂಡರೆ ಅದು ಬರೀ ಹಳೆತನದ್ದೆಂದು ತಿಳಿಯಬೇಡಿ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಆಳದಲ್ಲಿ ಒಂದು ಚದರ ಸೆಂಟಿಮೀಟರಿನ ಮೇಲೆ, ಅಂದರೆ ನಿಮ್ಮ ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ, ಕೂತ ಬಂಡೆಯ ತೂಕ ಸುಮಾರು 900 ಕಿಲೋ. ಬಂಡೆಯ ಉಷ್ಣತೆ 60 ಡಿಗ್ರಿ ದಾಟುತ್ತಿತ್ತು. ಅದಿರು ತೆಗೆದು ಪೊಳ್ಳು ಮಾಡಿದಾಗ ಒತ್ತಡ ತಾಳಲಾರದ ಬಂಡೆ ಸಿಡಿಯುತ್ತಿತ್ತು. ಕೆಳಗೆ ಜೀವ ಹೋಗುತ್ತಿತ್ತು, ಮೇಲೆ ನೆಲ ನಡುಗುತ್ತಿತ್ತು. ಪಾಳಿಗೆ ಹೋದವನ ಮನೆಯಲ್ಲಿ ಆ ನಡುಕ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದೇ ಆಳದಿಂದ ವಿಜ್ಞಾನಕ್ಕೆ ದೊಡ್ಡ ಉಪಕಾರವೂ ಆಯಿತು. ಮೇಲಿನ ಬಂಡೆ ಉಳಿದ ಕಣಗಳನ್ನೆಲ್ಲ ಸೋಸಿಬಿಡುವುದರಿಂದ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು 1965ರಲ್ಲಿ ಇಲ್ಲಿ ಹಿಡಿದರು. ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲೂ ಅದೇ ವರ್ಷ ಹಿಡಿದರು. ಪ್ರಪಂಚದಲ್ಲಿ ಇವೇ ಮೊದಲು.

ಇನ್ನು ಆ ದಿಬ್ಬಗಳು. ಕೊನೆಯ ವರ್ಷಗಳಲ್ಲಿ ಒಂದು ಟನ್ ಅದಿರಿಗೆ ಸುಮಾರು 3 ಗ್ರಾಂ ಚಿನ್ನ ಸಿಗುತ್ತಿತ್ತು. 10 ಗ್ರಾಮಿನ ಸರಕ್ಕೆ ಮೂರು ಟನ್ನಿಗೂ ಹೆಚ್ಚು ಕಲ್ಲು! ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದದ್ದನ್ನು ಪಕ್ಕಕ್ಕೆ ಸುರಿದರು. ಬಿಸಿಲು ಗಾಳಿಗೆ ಸೈನೈಡು ಕ್ರಮೇಣ ಒಡೆದುಹೋಗುತ್ತದೆ. ಉಳಿಯುವುದು ನುಣ್ಣನೆಯ ಸಿಲಿಕಾ ದೂಳು. ಗಣಿಯೊಳಗೆ ಶ್ವಾಸಕೋಶ ಕೆಡಿಸಿದ ಸಿಲಿಕಾವೇ ಬೇಸಿಗೆಯ ಗಾಳಿಯಲ್ಲಿ ಎದ್ದು ಮನೆಯೊಳಗೂ ಬರುತ್ತದೆ. ಫೋಟೊ ತೆಗೆಸಿಕೊಳ್ಳುವವರು ಮೂಗಿಗೆ ಕರವಸ್ತ್ರ ಹಿಡಿದುಕೊಳ್ಳುವುದು ಒಳ್ಳೆಯದು.

ಈ ಊರಿನ ಕಟ್ಟಡಗಳನ್ನು ಉಳಿಸಬೇಕೆಂಬ ಮಾತು ಬಂದಾಗ ಬಂಗಲೆ, ಕ್ಲಬ್ಬು, ಚರ್ಚುಗಳೇ ಮುಂದೆ ಬರುತ್ತವೆ. ನನ್ನನ್ನು ಕೇಳಿದರೆ ಓರೆಗಾಲಿನ ಗೋಪುರ ಮೊದಲು, ಒಂದು ಸಾಲು ಲೈನುಮನೆ ಆಮೇಲೆ, ಬಂಗಲೆ ಮೂರನೆಯದು. ಲೈನುಮನೆ ಉಳಿಸುವುದೆಂದರೆ ಅಲ್ಲಿರುವವರನ್ನು ಎಬ್ಬಿಸಿ ಬಣ್ಣ ಬಳಿಯುವುದಲ್ಲ. ಅವರಿಗೆ ನೀರು, ಚರಂಡಿ, ಸೋರದ ಸೂರು ಕೊಟ್ಟು ಉಳಿಸುವುದು.

ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಬೇಲಿ ಹಾಕಿದ ಕಡೆ ದಯವಿಟ್ಟು ನುಗ್ಗಬೇಡಿ. ನಡೆಯಲು ಹೋಗುವುದಾದರೆ ಭಾನುವಾರ ಹೋಗಿ. ವಾರದ ದಿನಗಳಲ್ಲಿ ಲೈನುಗಳ ಎಷ್ಟೋ ಮಂದಿ ಬೆಳಕು ಹರಿಯುವ ಮೊದಲೇ ಬೆಂಗಳೂರಿನ ರೈಲು ಹತ್ತಿರುತ್ತಾರೆ. ಕಾವಲು ಕೆಲಸ, ಅಂಗಡಿ ಕೆಲಸ, ಕಾರ್ಖಾನೆ ಕೆಲಸ ಮುಗಿಸಿ ಬರುವಾಗ ರಾತ್ರಿಯಾಗುತ್ತದೆ. ಭಾನುವಾರವಾದರೆ ಮನೆ ಮುಂದೆ ಕುಳಿತಿರುತ್ತಾರೆ. ತಮಿಳು ಬರದಿದ್ದರೂ ಚಿಂತೆಯಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪ ಯಾವ ಶಾಫ್ಟಿನಲ್ಲಿ ಇಳಿಯುತ್ತಿದ್ದರು ಎಂದು ಕೇಳಿ.