ಏಕಾಗ್ರತೆಯ ಮಾತ್ರೆ: ಮಗುವಿಗೋ, ಶಾಲೆಗೋ?

ತರಗತಿಯಲ್ಲಿ ಒಂದೆಡೆ ಕೂರದ, ಪಾಠಕ್ಕೆ ಕಿವಿಗೊಡದ, ಬರೆಯಲು ಕೊಟ್ಟ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಕಿಟಕಿಯತ್ತ ನೋಡುವ ಮಕ್ಕಳು ಎಲ್ಲ ಕಾಲದಲ್ಲಿಯೂ ಇದ್ದರು. ಅಂಥವರನ್ನು ನಾಡಿನ ಶಾಲೆಗಳು ಬಹುಕಾಲ ತುಂಟ, ದಡ್ಡ, ಸೋಮಾರಿ ಎಂದು ಕರೆದು ಬೆತ್ತಕ್ಕೆ ಒಪ್ಪಿಸಿದವು. ಈಗ ನಗರಗಳ ಶಾಲೆಗಳಲ್ಲಿ ಬೇರೊಂದು ಹೆಸರು ಬಳಕೆಗೆ ಬಂದಿದೆ: ಎಡಿಎಚ್‌ಡಿ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂಬುದು ಇದರ ಅರ್ಥ. ಪೋಷಕರ ಸಭೆಯಲ್ಲಿ ಈ ಹೆಸರು ಕೇಳಿಬಂದ ಮೇಲೆ ತಾಯ್ತಂದೆಯರು ಮನೋವೈದ್ಯರ ಬಾಗಿಲು ತಟ್ಟುತ್ತಾರೆ. ಅಲ್ಲಿ ಅವರೆದುರು ನಿಲ್ಲುವ ಪ್ರಶ್ನೆ ಒಂದೇ. ಮಗು ಶಾಲೆಯಲ್ಲಿ ಕುಳಿತು ಓದಲೆಂದು ಔಷಧ ಕೊಡಬೇಕೇ, ಬೇಡವೇ?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಮಕ್ಕಳ ಸಹಜ ತುಂಟತನಕ್ಕೆ ರೋಗದ ಹೆಸರಿಟ್ಟು ಮಾತ್ರೆ ನುಂಗಿಸುವುದು ಔಷಧ ಕಂಪೆನಿಗಳ ಹುನ್ನಾರ ಎಂಬುದು ಒಂದು. ಮಧುಮೇಹಕ್ಕೆ ಇನ್ಸುಲಿನ್ ಇದ್ದಂತೆ ಇದಕ್ಕೆ ಈ ಮಾತ್ರೆ, ಇದರಲ್ಲಿ ಯೋಚಿಸುವುದೇನಿದೆ ಎಂಬುದು ಇನ್ನೊಂದು. ಸುಮಾರು ಒಂಬತ್ತು ದಶಕಗಳ ಅನುಭವವನ್ನು ಎದುರಿಗಿಟ್ಟುಕೊಂಡು ನೋಡಿದರೆ ಎರಡೂ ಅರ್ಧಸತ್ಯಗಳು. ಕೆಲವು ಮಕ್ಕಳಿಗೆ ಔಷಧ ನಿಜಕ್ಕೂ ಬೇಕು. ಆದರೆ ಅದನ್ನು ಕೊಡುವುದಕ್ಕೆ ಮಗುವಿನ ಸಂಕಟ ಕಾರಣವಾಗಬೇಕೇ ಹೊರತು ಶಾಲೆಯ ಅನುಕೂಲ ಕಾರಣವಾಗಬಾರದು.

ತೊಂದರೆ ನಿಜವೇ?

ಎಡಿಎಚ್‌ಡಿ ಎಂಬುದೇ ಕಟ್ಟುಕತೆ ಎನ್ನುವವರ ವಾದಕ್ಕೆ ಆಧಾರ ಸಾಲದು. ವಿವಿಧ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಮಾಡಿದ ಅಂದಾಜಿನಂತೆ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 5ರಷ್ಟು ಮಂದಿಗೆ ಈ ತೊಂದರೆ ಇದೆ. ಇದು ಅಂಕಪಟ್ಟಿಗೆ ಮಾತ್ರ ಸಂಬಂಧಿಸಿದ ಸಂಗತಿಯೂ ಅಲ್ಲ. ಡೆನ್ಮಾರ್ಕಿನ 19 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ತೊಂದರೆ ಇರುವವರ ಅಕಾಲಿಕ ಮರಣದ ಪ್ರಮಾಣ ಇತರರಿಗಿಂತ ಸುಮಾರು ಎರಡು ಪಟ್ಟು ಎಂದು ಕಂಡುಬಂತು. ಅದಕ್ಕೆ ಮುಖ್ಯ ಕಾರಣ ಅಪಘಾತಗಳು. ಯೋಚಿಸುವ ಮುನ್ನವೇ ರಸ್ತೆಗೆ ಓಡುವ ಮಗುವಿನ ಮನೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಚಂಚಲ ಮಕ್ಕಳೆಲ್ಲರೂ ರೋಗಿಗಳಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಪ್ರಕಾರ ಗಮನಕ್ಕೆ ಸಂಬಂಧಿಸಿದ ಅಥವಾ ಅತಿಚಟುವಟಿಕೆಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ಆರಾದರೂ ಮಗುವಿನಲ್ಲಿ ಇರಬೇಕು, ಆರು ತಿಂಗಳಾದರೂ ಮುಂದುವರಿದಿರಬೇಕು, 12 ವರ್ಷಕ್ಕೆ ಮುನ್ನವೇ ತಲೆದೋರಿರಬೇಕು. ಇವುಗಳಷ್ಟೇ ಮುಖ್ಯವಾದ ಮತ್ತೊಂದು ನಿಯಮವೆಂದರೆ, ಲಕ್ಷಣಗಳು ಎರಡು ಕಡೆಯಾದರೂ ಕಾಣಿಸಿಕೊಳ್ಳಬೇಕು. ಮನೆಯಲ್ಲಿ, ಆಟದ ಬಯಲಿನಲ್ಲಿ, ನೆಂಟರಿಷ್ಟರ ನಡುವೆ ಸರಿಯಾಗಿದ್ದು ಶಾಲೆಯಲ್ಲಿ ಮಾತ್ರ ಮಗು ಚಡಪಡಿಸುತ್ತಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಆ ಶಾಲೆಯನ್ನು.

ಒಂಬತ್ತು ದಶಕಗಳ ಪಾಠ

ಔಷಧದ ಕತೆ ಆರಂಭವಾದದ್ದು ಆಕಸ್ಮಿಕವಾಗಿ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ತಮ್ಮ ಆಶ್ರಯದಲ್ಲಿದ್ದ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ಕೊಟ್ಟರು. ತಲೆನೋವು ತಗ್ಗಿಸಲೆಂದು ಅವರು ಬಳಸತೊಡಗಿದ್ದ ಮದ್ದು ಅದು. ತಲೆನೋವಿನ ಮಾತು ಹಾಗಿರಲಿ, 14 ಮಕ್ಕಳು ಶಾಲಾ ಕೆಲಸದಲ್ಲಿ ಎದ್ದು ಕಾಣುವಷ್ಟು ಸುಧಾರಿಸಿದರು. ಅಂದರೆ ಈ ಬಗೆಯ ಔಷಧವನ್ನು ಶಾಲೆಯ ಅಳತೆಗೋಲಿನಿಂದಲೇ ಅಳೆಯುವ ರೂಢಿ ಮೊದಲ ದಿನದಿಂದಲೇ ಬಂದದ್ದು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪ್ಯಾನಿಜೋನ್ ಮೆಥಿಲ್‌ಫೆನಿಡೇಟ್ ತಯಾರಿಸಿದರು. ಅವರ ಪತ್ನಿ ರೀಟಾ ಹೆಸರಿನಿಂದ ಅದು 'ರಿಟಾಲಿನ್' ಆಗಿ ಮಾರುಕಟ್ಟೆಗೆ ಬಂತು. ಇಂದಿಗೂ ಈ ತೊಂದರೆಗೆ ಬಳಸುವ ಪ್ರಮುಖ ಔಷಧ ಇದೇ.

ಆತಂಕವೂ ಇಂದು ನಿನ್ನೆಯದಲ್ಲ. ಒಮಾಹಾ ನಗರದ ಶಾಲಾಮಕ್ಕಳಲ್ಲಿ ಶೇ. 5ರಿಂದ 10ರಷ್ಟು ಮಂದಿಗೆ ನಡವಳಿಕೆ ತಿದ್ದುವ ಔಷಧ ಕೊಡಲಾಗುತ್ತಿದೆ ಎಂದು 1970ರಲ್ಲಿ 'ವಾಷಿಂಗ್ಟನ್ ಪೋಸ್ಟ್' ವರದಿ ಮಾಡಿದಾಗ ಅಮೆರಿಕದಲ್ಲಿ ಕೋಲಾಹಲವೆದ್ದಿತು. ಆ ಅಂಕಿ ಉತ್ಪ್ರೇಕ್ಷಿತವೆಂದು ಆಮೇಲೆ ತಿಳಿದರೂ ಅದೇ ವರ್ಷ ಅಲ್ಲಿನ ಸಂಸತ್ತಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಬಳಕೆ ಮಾತ್ರ ಏರುತ್ತಲೇ ಹೋಯಿತು. 2022ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಮೆರಿಕದ 3ರಿಂದ 17 ವರ್ಷದ ಮಕ್ಕಳಲ್ಲಿ ಶೇ. 11.4ರಷ್ಟು, ಅಂದರೆ ಸುಮಾರು 70 ಲಕ್ಷ ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಎಡಿಎಚ್‌ಡಿ ಎಂಬ ಹಣೆಪಟ್ಟಿ ಪಡೆದಿದ್ದರು. ಸಮೀಕ್ಷೆಯ ವೇಳೆಗೆ ಈ ತೊಂದರೆ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಔಷಧ ಸೇವಿಸುತ್ತಿದ್ದರು. 2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮಕ್ಕಳ ಆರೋಗ್ಯ ಕುರಿತ ಆಯೋಗ ರಚಿಸಿದಾಗ ಉತ್ತೇಜಕಗಳ ಬಳಕೆಯನ್ನೂ ಅದರ ಪರಿಶೀಲನೆಗೆ ಒಪ್ಪಿಸಿದರು.

ಈ ನಡುವೆ ಆ ದೇಶ ಕೈಗೊಂಡ ಒಂದು ಕ್ರಮ ಗಮನಾರ್ಹ. ವಿದ್ಯಾರ್ಥಿಗೆ ಮನೋವೈದ್ಯಕೀಯ ಔಷಧ ಕೊಡಿಸಿ ಎಂದು ಶಾಲೆಯ ಸಿಬ್ಬಂದಿ ಶಿಫಾರಸು ಮಾಡುವುದನ್ನು ಕನೆಕ್ಟಿಕಟ್ ರಾಜ್ಯ 2001ರಲ್ಲಿ ಕಾನೂನಿನ ಮೂಲಕ ನಿಷೇಧಿಸಿತು. ಉತ್ತೇಜಕ ಔಷಧ ತೆಗೆದುಕೊಂಡರೆ ಮಾತ್ರ ಶಾಲೆಗೆ ಬರಬಹುದು ಎಂಬ ಷರತ್ತು ವಿಧಿಸುವುದನ್ನು 2004ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ತಡೆಯಿತು. ಶಿಕ್ಷಕರು ತಾವು ಕಂಡದ್ದನ್ನು ಪೋಷಕರಿಗೆ ಹೇಳಬಹುದು, ಹೇಳಲೂಬೇಕು. ಮದ್ದು ಬರೆಯುವ ಅಧಿಕಾರ ಮಾತ್ರ ಅವರದಲ್ಲ ಎಂಬುದು ಇದರ ತಿರುಳು.

ಔಷಧ ಮಾಡುವುದೇನು?

ಮೆಥಿಲ್‌ಫೆನಿಡೇಟ್ ಮಿದುಳಿನಲ್ಲಿ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಲಭ್ಯತೆಯನ್ನು ಹೆಚ್ಚಿಸುತ್ತದೆ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ, ನಿಧಾನವಾಗಿ ಕರಗುವ ಬಗೆಯದು ಎಂಟರಿಂದ ಹನ್ನೆರಡು ಗಂಟೆ. ಪರಿಣಾಮ ಕಾಣಲು ವಾರಗಟ್ಟಲೆ ಕಾಯಬೇಕಿಲ್ಲ. ಮಗು ಕುಳಿತುಕೊಳ್ಳುತ್ತದೆ, ಕೈಗೆತ್ತಿಕೊಂಡದ್ದನ್ನು ಮುಗಿಸುತ್ತದೆ. ಇದರಲ್ಲಿ ಎರಡು ಮಾತಿಲ್ಲ.

ಈ ಲಾಭ ಎಷ್ಟು ಕಾಲ ಉಳಿಯುತ್ತದೆ ಎಂಬಲ್ಲಿ ಚಿತ್ರ ಬದಲಾಗುತ್ತದೆ. ಅಮೆರಿಕದಲ್ಲಿ 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ 14 ತಿಂಗಳು ನಡೆಸಿದ ಪ್ರಸಿದ್ಧ ಪ್ರಯೋಗದ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಮುಖ್ಯ ಲಕ್ಷಣಗಳನ್ನು ಹತೋಟಿಗೆ ತರುವಲ್ಲಿ ನಡವಳಿಕೆ ತರಬೇತಿಗಿಂತ, ಎಚ್ಚರಿಕೆಯಿಂದ ಪ್ರಮಾಣ ನಿಗದಿ ಮಾಡಿ ಕೊಟ್ಟ ಔಷಧವೇ ಮೇಲುಗೈ ಸಾಧಿಸಿತ್ತು. ಔಷಧ ಮತ್ತು ತರಬೇತಿ ಎರಡನ್ನೂ ಪಡೆದ ಮಕ್ಕಳಿಗೆ ಕಡಿಮೆ ಪ್ರಮಾಣದ ಔಷಧವೇ ಸಾಕಾಗಿತ್ತು. ಆದರೆ ಅದೇ ಮಕ್ಕಳನ್ನು ಮೂರು ವರ್ಷಗಳ ಘಟ್ಟದಲ್ಲಿ ಮತ್ತೆ ಪರಿಶೀಲಿಸಿದಾಗ ಗುಂಪುಗಳ ನಡುವಿನ ವ್ಯತ್ಯಾಸ ಅಳಿಸಿಹೋಗಿತ್ತು. ಪ್ರಯೋಗದ ಅವಧಿಯಲ್ಲಿದ್ದ ನಿಕಟ ಉಸ್ತುವಾರಿ ಆಮೇಲೆ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಪೋಷಕರು ತಿಳಿಯಲೇಬೇಕಾದ ಇನ್ನೊಂದು ಪ್ರಯೋಗ 2022ರದು. ಫ್ಲಾರಿಡಾದ ವಿಜ್ಞಾನಿಗಳು ಬೇಸಿಗೆ ಶಿಬಿರದ ತರಗತಿಯಲ್ಲಿ 7ರಿಂದ 12 ವರ್ಷದ 173 ಮಕ್ಕಳನ್ನು ಪರೀಕ್ಷಿಸಿದರು. ಔಷಧ ಪಡೆದ ದಿನಗಳಲ್ಲಿ ಮಕ್ಕಳು ನಿಮಿಷವೊಂದಕ್ಕೆ ಶೇ. 37ರಷ್ಟು ಹೆಚ್ಚು ಲೆಕ್ಕಗಳನ್ನು ಮಾಡಿದರು. ತರಗತಿಯ ನಿಯಮ ಮುರಿಯುವುದು ಅರ್ಧಕ್ಕಿಂತ ಕಡಿಮೆಯಾಯಿತು. ಆದರೆ ಹೊಸದಾಗಿ ಕಲಿಸಿದ ಪಾಠವನ್ನು, ಪದಗಳ ಅರ್ಥವನ್ನು ಅವರು ಔಷಧವಿಲ್ಲದಾಗಿನಷ್ಟೇ ಕಲಿತಿದ್ದರು. ಕೆಲಸದ ವೇಗ ಹೆಚ್ಚಿತು, ತರಗತಿ ಶಾಂತವಾಯಿತು, ಕಲಿಕೆ ಇದ್ದಲ್ಲಿಯೇ ಇತ್ತು. ಅಂಕ ಹೆಚ್ಚಲೆಂದು ಮಾತ್ರೆ ಕೊಡಿಸುವವರು ಇದನ್ನು ಯೋಚಿಸಬೇಕು.

ಅಡ್ಡಪರಿಣಾಮಗಳೂ ಇವೆ. ಹಸಿವು ಕುಂದುವುದು, ನಿದ್ದೆ ತಡವಾಗುವುದು, ಹೊಟ್ಟೆನೋವು, ತಲೆನೋವು, ಸಿಡುಕು ಸಾಮಾನ್ಯ. 1999ರ ಪ್ರಯೋಗದ ಮುಂದುವರಿಕೆಯಲ್ಲಿ, ಮೂರು ವರ್ಷ ಔಷಧ ಪಡೆದ ಮಕ್ಕಳು ಪಡೆಯದವರಿಗಿಂತ ಸುಮಾರು 2 ಸೆಂಟಿಮೀಟರ್ ಕುಳ್ಳಗೂ 2.7 ಕಿಲೊ ಹಗುರವಾಗಿಯೂ ಇದ್ದರು. ಹೃದಯಕ್ಕೆ ಅಪಾಯವೆಂಬ ಭೀತಿಯನ್ನು 12 ಲಕ್ಷ ಮಕ್ಕಳು ಮತ್ತು ಯುವಜನರ ದಾಖಲೆ ಆಧರಿಸಿದ 2011ರ ಅಧ್ಯಯನ ಸಮರ್ಥಿಸಲಿಲ್ಲ. ಆದರೂ ಮದ್ದು ಆರಂಭಿಸುವ ಮುನ್ನ ಕುಟುಂಬದಲ್ಲಿ ಹೃದ್ರೋಗವಿದೆಯೇ ಎಂದು ವಿಚಾರಿಸುವುದು, ಆಮೇಲೆ ನಾಡಿ, ರಕ್ತದೊತ್ತಡ, ಎತ್ತರ, ತೂಕ ನೋಡುತ್ತಿರುವುದು ವೈದ್ಯರ ಕರ್ತವ್ಯ.

ಜೂನ್ 1ರ ಗೆರೆ

ಹಣೆಪಟ್ಟಿ ಎಷ್ಟರಮಟ್ಟಿಗೆ ಶಾಲೆಯ ಸೃಷ್ಟಿ ಎಂಬುದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷ್ಯ ಸಿಕ್ಕಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ. ಅಲ್ಲಿ ಶಾಲೆ ಸೇರಲು ಡಿಸೆಂಬರ್ 31ರ ಗೆರೆ ಇದೆ. ಹೀಗಾಗಿ ಜನವರಿಯಲ್ಲಿ ಹುಟ್ಟಿದ ಮಗು ತರಗತಿಯಲ್ಲಿ ಹಿರಿಯದು, ಡಿಸೆಂಬರಿನಲ್ಲಿ ಹುಟ್ಟಿದ್ದು ಕಿರಿಯದು. ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳ ಈ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಜನವರಿಯ ಹುಡುಗರಿಗಿಂತ ಡಿಸೆಂಬರಿನ ಹುಡುಗರಿಗೆ ಎಡಿಎಚ್‌ಡಿ ಎಂದು ಹೇಳುವ ಸಾಧ್ಯತೆ ಶೇ. 30ರಷ್ಟು, ಔಷಧ ಬರೆಯುವ ಸಾಧ್ಯತೆ ಶೇ. 41ರಷ್ಟು ಹೆಚ್ಚಾಗಿತ್ತು. ಹುಡುಗಿಯರಲ್ಲಿ ಈ ಅಂತರ ಇನ್ನೂ ದೊಡ್ಡದು. ಹುಟ್ಟಿದ ತಿಂಗಳು ಮಿದುಳಿನ ಕಾಯಿಲೆಗೆ ಕಾರಣವಾಗದು. ವಯಸ್ಸಿಗೆ ಸಹಜವಾದ ಎಳಸುತನವನ್ನು ಹಿರಿಯ ಸಹಪಾಠಿಗಳೊಂದಿಗೆ ಹೋಲಿಸಿ ರೋಗವೆಂದು ಬಗೆದದ್ದೇ ಇಲ್ಲಿ ಆಗಿರುವ ಪ್ರಮಾದ.

ಕರ್ನಾಟಕದ ಪೋಷಕರಿಗೆ ಈ ಗೆರೆ ಅಪರಿಚಿತವಲ್ಲ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿತು. 2025-26ರಿಂದ ಅದು ಜಾರಿಗೆ ಬರಬೇಕಿತ್ತು. ಪೋಷಕರ ಒತ್ತಾಯಕ್ಕೆ ಮಣಿದ ಸರ್ಕಾರ, ಯುಕೆಜಿ ಮುಗಿಸಿದವರಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಒಂದು ವರ್ಷ 'ವ್ಯರ್ಥ'ವಾಗಬಾರದೆಂಬ ಪೋಷಕರ ಕಾತರ ಅರ್ಥವಾಗುವಂಥದೇ. ಆದರೆ ತರಗತಿಯ ಅತಿ ಕಿರಿಯ ಮಗುವೇ ಮುಂದೆ ಚಂಚಲವೆಂಬ ದೂರಿಗೆ ಗುರಿಯಾಗುವ ಸಂಭವ ಹೆಚ್ಚು ಎಂಬ ಅಂಶ ಆ ಚರ್ಚೆಯಲ್ಲಿ ಮುಂಚೂಣಿಗೆ ಬರಲೇ ಇಲ್ಲ.

ಎರಡು ಬಗೆಯ ಅನ್ಯಾಯ

ಅಮೆರಿಕದ ಅತಿಬಳಕೆಯನ್ನು ತೋರಿಸಿ ಇಲ್ಲಿ ಔಷಧವೇ ಬೇಡವೆನ್ನುವುದು ಅವಸರದ ತೀರ್ಮಾನವಾದೀತು. ನಗರದ ದುಬಾರಿ ಶಾಲೆಯ ಮಗುವಿಗೆ ಅಗತ್ಯವಿಲ್ಲದೆಯೂ ಹಣೆಪಟ್ಟಿ ಅಂಟುವ ಅಪಾಯವಿದ್ದರೆ, ಹಳ್ಳಿಯ ಮಗುವಿಗೆ ಅಗತ್ಯವಿದ್ದರೂ ತಪಾಸಣೆ ದೊರೆಯದ ಅಪಾಯವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕ್ಕೆಂದೇ ವಿಭಾಗವಿದೆ. ಅಂಥ ಪರಿಣತಿ ಜಿಲ್ಲೆ, ತಾಲ್ಲೂಕುಗಳ ಮಟ್ಟದಲ್ಲಿ ಅಪರೂಪ. ಮೆಥಿಲ್‌ಫೆನಿಡೇಟ್ 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಎಲ್ಲ ಔಷಧದಂಗಡಿಗಳಲ್ಲಿ ಸಿಗುವುದೂ ಇಲ್ಲ. ಚಿಕಿತ್ಸೆ ಇಲ್ಲದ ಮಗು ಏಟು ತಿನ್ನುತ್ತದೆ, ತರಗತಿಯಲ್ಲಿ ಹಿಂದೆ ಬೀಳುತ್ತದೆ, ಕೊನೆಗೆ ಶಾಲೆಯನ್ನೇ ಬಿಡುತ್ತದೆ.

ಕಾನೂನಿನಲ್ಲಿಯೂ ಕೊರತೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ನೆರವು ಹಕ್ಕಾಗಿ ದೊರೆಯದಿದ್ದಾಗ ಪೋಷಕರ ಕೈಯಲ್ಲಿ ಉಳಿಯುವುದು ಮಾತ್ರೆಯೊಂದೇ. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆನ್ನುತ್ತದೆ. ಐವತ್ತು ಮಕ್ಕಳು ತುಂಬಿದ ಕೊಠಡಿಯಲ್ಲಿ, ದಿನವಿಡೀ ಬೋರ್ಡು ನೋಡಿ ಬರೆಯುವುದೇ ಪಾಠವಾದಾಗ, ಆರೋಗ್ಯವಂತ ಮಗುವಿನ ಗಮನವೂ ಚೆದುರುತ್ತದೆ.

ಮಾತ್ರೆಗೆ ಮುನ್ನ

ಹಾಗಿದ್ದರೆ ಪೋಷಕರು ಮಾಡಬೇಕಾದದ್ದೇನು? ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ. ನಿದ್ದೆ ಸಾಕಷ್ಟಿದೆಯೇ, ಗೊರಕೆಯಿಂದ ನಿದ್ದೆ ಕೆಡುತ್ತಿದೆಯೇ, ರಕ್ತಹೀನತೆ ಇದೆಯೇ, ಕ್ಷಣಕಾಲ ಮೈಮರೆಯುವ ಬಗೆಯ ಮೂರ್ಛೆ ಇದೆಯೇ, ಓದು ಬರಹದಲ್ಲಿಯೇ ತೊಡಕಿದೆಯೇ ಎಂಬ ಪರಿಶೀಲನೆ. ಇವೆಲ್ಲವೂ ಗಮನದ ಕೊರತೆಯ ವೇಷದಲ್ಲಿ ಬರಬಲ್ಲವು. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯಂತೆ ಐದು ವರ್ಷ ದಾಟಿದ ಮಕ್ಕಳಿಗೂ ಸುತ್ತಲಿನ ವ್ಯವಸ್ಥೆಯಲ್ಲಿ ಬದಲಾವಣೆ ಮಾಡಿ ನೋಡಿದ ಮೇಲೂ ಗಂಭೀರ ತೊಂದರೆ ಮುಂದುವರಿದರೆ ಮಾತ್ರ ಔಷಧ. ಐದಕ್ಕಿಂತ ಚಿಕ್ಕವರ ವಿಷಯದಲ್ಲಿ ಮೊದಲ ಹೆಜ್ಜೆ ಪೋಷಕರಿಗೆ ತರಬೇತಿ.

ಆ ಬದಲಾವಣೆಗಳು ದುಬಾರಿಯೇನಲ್ಲ. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು, ಕೆಲಸವನ್ನು ಸಣ್ಣ ತುಂಡುಗಳಾಗಿ ಕೊಡುವುದು, ಸೂಚನೆಗಳನ್ನು ಒಂದೊಂದಾಗಿ ಹೇಳುವುದು, ನಡುನಡುವೆ ಎದ್ದು ಓಡಾಡಲು ಬಿಡುವುದು, ಮಾಡಿದ್ದನ್ನು ಕೂಡಲೇ ಮೆಚ್ಚುವುದು ಯಾವ ಶಾಲೆಗೂ ಸಾಧ್ಯ. ಎರಡು ಮೂರು ತಿಂಗಳು ಶಿಕ್ಷಕರು ಇದನ್ನು ಮಾಡಿ ಬರೆದಿಟ್ಟ ಟಿಪ್ಪಣಿ ವೈದ್ಯರಿಗೂ ಅಮೂಲ್ಯ.

ಇಷ್ಟಾದ ಮೇಲೂ ಮಗು ಗೆಳೆಯರನ್ನು ಕಳೆದುಕೊಳ್ಳುತ್ತಿದ್ದರೆ, ಪದೇ ಪದೇ ಗಾಯ ಮಾಡಿಕೊಳ್ಳುತ್ತಿದ್ದರೆ, 'ನಾನು ಯಾವುದಕ್ಕೂ ಬಾರದವನು' ಎಂದು ನಂಬತೊಡಗಿದ್ದರೆ ಔಷಧವನ್ನು ನಿರಾಕರಿಸುವುದು ಕ್ರೌರ್ಯ. ಆಗ ಪರಿಣತರ ಉಸ್ತುವಾರಿಯಲ್ಲಿ, ಕಡಿಮೆ ಪ್ರಮಾಣದಿಂದ ಆರಂಭಿಸಿ, ವರ್ಷಕ್ಕೊಮ್ಮೆಯಾದರೂ ಇನ್ನೂ ಬೇಕೇ ಎಂದು ಮರುಪರಿಶೀಲಿಸುತ್ತ ಕೊಡಬೇಕು. ಮಾತ್ರೆ ತೆಗೆದುಕೊಂಡಾಗ ಹೇಗನ್ನಿಸುತ್ತದೆ ಎಂದು ಮಗುವನ್ನೂ ಕೇಳಬೇಕು. ಮದ್ದು ಹತ್ತಿತೇ ಎಂಬುದನ್ನು ತರಗತಿಯ ಮೌನದಿಂದ ಅಳೆಯುವುದು ಸುಲಭ. ಆದರೆ ಸಂಜೆ ಮಗು ಹಸಿದು ಉಣ್ಣುತ್ತದೆಯೇ, ಆಡುತ್ತದೆಯೇ, ಮರುದಿನ ಅಳದೆ ಶಾಲೆಗೆ ಹೊರಡುತ್ತದೆಯೇ ಎಂಬುದನ್ನು ತಾಯ್ತಂದೆಯರು ಮಾತ್ರ ಹೇಳಬಲ್ಲರು. ವೈದ್ಯರೂ ಶಾಲೆಗಳೂ ಮೊದಲು ಕೇಳಬೇಕಾದ ವರದಿ ಅದು.