ನೂರಕ್ಕೆ ಎಷ್ಟು, ಡಾಕ್ಟ್ರೇ?

ಎಮರ್ಜೆನ್ಸಿ ವಾರ್ಡಿನ ಬಾಗಿಲಲ್ಲಿ ನಿಂತವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ನೂರಕ್ಕೆ ಎಷ್ಟು ಚಾನ್ಸ್ ಇದೆ, ಡಾಕ್ಟ್ರೇ?" ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಪುಣೆಯಲ್ಲೋ ಚೆನ್ನೈಯಲ್ಲೋ ಇರುವ ನಮಗೆ ಇದು ಬರೀ ಕುತೂಹಲವಲ್ಲ. ಇವತ್ತು ರಾತ್ರಿಯ ಬಸ್ಸಿಗೇ ಹೊರಡಬೇಕೋ, ದೊಡ್ಡ ಆಸ್ಪತ್ರೆಗೆ ಸಾಗಿಸಬೇಕೋ, ಎಲ್ಲವೂ ಆ ಒಂದು ಅಂಕಿಯ ಮೇಲೆ ನಿಂತಂತೆ ಕಾಣುತ್ತದೆ. ಸೆಪ್ಸಿಸ್ ಎಂಬ ಕಾಯಿಲೆಯಲ್ಲಿ ಆ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಈ ಸಲ ನೋಡೋಣ.

ಹಿರಿಯರು "ಮೈಗೆಲ್ಲ ನಂಜೇರಿತು" ಎನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಇದು. ಮೂತ್ರದ ಸೋಂಕೋ, ನ್ಯುಮೋನಿಯಾವೋ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣೋ ಶುರುವಾಗುತ್ತದೆ. ಅದನ್ನು ಎದುರಿಸಲು ಹೊರಟ ದೇಹ ಹದ ತಪ್ಪಿ ತನ್ನ ಅಂಗಗಳನ್ನೇ ಕೆಡಿಸತೊಡಗುತ್ತದೆ. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಗಿ, 1.1 ಕೋಟಿ ಜನ ತೀರಿಕೊಂಡರೆಂದು 'ಲ್ಯಾನ್ಸೆಟ್' ಪತ್ರಿಕೆಯ ಅಂದಾಜು.

ಯಾರ ಸ್ಥಿತಿ ಎಷ್ಟು ಗಂಭೀರ ಎಂದು ಅಳೆಯಲು ವೈದ್ಯರ ಬಳಿ 'ಸೋಫಾ' ಎಂಬ ಲೆಕ್ಕವಿದೆ. ಕೂರುವ ಸೋಫಾ ಅಲ್ಲ! ಉಸಿರಾಟ, ರಕ್ತ ಹೆಪ್ಪುಗಟ್ಟುವಿಕೆ, ಲಿವರ್, ರಕ್ತದೊತ್ತಡ, ಮೆದುಳು, ಕಿಡ್ನಿ - ಒಂದೊಂದಕ್ಕೂ 0ರಿಂದ 4 ಅಂಕ, ಒಟ್ಟು 24. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಇದಕ್ಕೆ ಲ್ಯಾಬ್ ರಿಪೋರ್ಟ್ ಬೇಕು. ಅದಕ್ಕೇ 2016ರಲ್ಲಿ 'ಕ್ವಿಕ್ ಸೋಫಾ' ಬಂತು: ಉಸಿರಾಟ ನಿಮಿಷಕ್ಕೆ 22 ಅಥವಾ ಹೆಚ್ಚು, ಮೇಲಿನ ಬಿಪಿ 100 ಅಥವಾ ಕಡಿಮೆ, ಮಂಕು ಇಲ್ಲವೇ ಗೊಂದಲ. ಮೂರರಲ್ಲಿ ಎರಡಿದ್ದರೆ ಎಚ್ಚರ. ಆದರೆ ಇದರ ಕಣ್ಣಿಗೂ ಅನೇಕರು ಬೀಳುವುದಿಲ್ಲ. ಹಾಗಾಗಿ ಸೆಪ್ಸಿಸ್ ಪತ್ತೆಗೆ ಇದೊಂದನ್ನೇ ನೆಚ್ಚಬೇಡಿ ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು.

ಕಂಪ್ಯೂಟರಿಗೆ ಬಿಟ್ಟರೆ? ಇದು ನನ್ನ ಕಸುಬಿನ ಪ್ರಶ್ನೆ. ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಒಂದು ಸೆಪ್ಸಿಸ್ ತಂತ್ರಾಂಶವನ್ನು ಮಿಷಿಗನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ದಾಖಲಾದವರಲ್ಲಿ ಶೇ 18ರಷ್ಟು ಮಂದಿಯ ವಿಷಯದಲ್ಲಿ ಅದು ಗಂಟೆ ಬಾರಿಸಿತ್ತು. ಹಾಗಿದ್ದೂ ಸೆಪ್ಸಿಸ್ ಆದವರಲ್ಲಿ ಶೇ 67ರಷ್ಟು ಜನ ಅದರ ಕಣ್ತಪ್ಪಿದ್ದರು. ನಮ್ಮ ಆಫೀಸಿನಲ್ಲಿ ಸರ್ವರ್ ಅಲರ್ಟ್ ದಿನಕ್ಕೆ ನಲವತ್ತು ಸಲ ಕೂಗಿದರೆ ನಲವತ್ತೊಂದನೆಯದನ್ನು ಯಾರೂ ನೋಡುವುದಿಲ್ಲ. ಆಸ್ಪತ್ರೆಯಲ್ಲೂ ಮನುಷ್ಯರೇ ಇರುವುದು. 2022ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು ಐದು ಆಸ್ಪತ್ರೆಗಳಲ್ಲಿ ಇನ್ನೊಂದು ತಂತ್ರಾಂಶವನ್ನು ನೋಡಿದಾಗ ಚಿತ್ರ ಬೇರೆಯಿತ್ತು. ಅದು ಎಚ್ಚರಿಸಿದ ಮೂರು ಗಂಟೆಯೊಳಗೆ ವೈದ್ಯರೋ ನರ್ಸೋ ಗಮನಿಸಿ ದೃಢಪಡಿಸಿದ ರೋಗಿಗಳಲ್ಲಿ, ಹಾಗಾಗದವರಿಗೆ ಹೋಲಿಸಿದರೆ, ಸಾವಿನ ಪ್ರಮಾಣ ಶೇ 18ಕ್ಕೂ ಹೆಚ್ಚು ಕಡಿಮೆಯಿತ್ತು. ಯಂತ್ರ ಕೂಗಿದರೆ ಸಾಲದು, ಯಾರಾದರೂ ಎದ್ದು ಹಾಸಿಗೆಯ ಹತ್ತಿರ ಹೋಗಬೇಕು.

ಹೋದ ವರ್ಷ ಹುಬ್ಬಳ್ಳಿಯಲ್ಲಿರುವ ನನ್ನ ಸೋದರಮಾವ ಮೂತ್ರದ ಸೋಂಕು ನಂಜಿಗೆ ತಿರುಗಿ ಐಸಿಯು ಸೇರಿದರು. ಸಲೈನ್ ಕೊಟ್ಟರೂ ಬಿಪಿ ನಿಲ್ಲದೆ ಅದಕ್ಕೇ ಬೇರೆ ಔಷಧಿ ಹನಿಸುತ್ತಿದ್ದರು. ಸೆಪ್ಟಿಕ್ ಶಾಕ್ ಅದು. 2016ರ ವ್ಯಾಖ್ಯೆ ಬರೆದವರ ಪ್ರಕಾರ ಇದರಲ್ಲಿ ಸಾವು ಶೇ 40ಕ್ಕಿಂತ ಹೆಚ್ಚು. "ಅಣ್ಣಾ, ಡಾಕ್ಟರು ಪರ್ಸೆಂಟೇಜ್ ಹೇಳವಲ್ರು" ಎಂದು ಮಾವನ ಮಗ ಫೋನಿನಲ್ಲಿ ಅತ್ತ. ಡಾಕ್ಟರ ಕೈಗೆ ಫೋನ್ ಕೊಡಿಸಿದೆ. ಅವರೆಂದರು: "ಮುಂಜಾನೆ ಲ್ಯಾಕ್ಟೇಟ್ 5 ಇತ್ತು ರೀ. ಸಂಜಿಮುಂದ ಮತ್ತ ನೋಡ್ತೀವಿ. ಇಳದಿದ್ರ ಚಲೋ, ಇಲ್ಲಂದ್ರ ಮತ್ತ ಮಾತಾಡೂಣು."

ನಾನು ರಾತ್ರಿ ಬಸ್ಸು ಹತ್ತಿದೆ. ಮಾವ ಹನ್ನೊಂದನೇ ದಿನ ಮನೆಗೆ ಬಂದರು. ಹಾಗಂತ ಅಂಕಿ ಸುಳ್ಳಾಯಿತೆಂದಲ್ಲ. ಬದುಕಿದವರ ಪಾಲಿನಲ್ಲಿ ಅವರಿದ್ದರು, ಅಷ್ಟೇ. ಅಂಕಿ ನೂರು ಜನರ ಬಗ್ಗೆ ಮಾತಾಡುತ್ತದೆ, ನಮ್ಮೊಬ್ಬರ ಬಗ್ಗೆ ಅಲ್ಲ. ಒಬ್ಬರ ಬಗ್ಗೆ ಹೆಚ್ಚು ಹೇಳುವುದು ಬೆಳಗಿನ ಅಂಕಿಗೂ ಸಂಜೆಯ ಅಂಕಿಗೂ ನಡುವಿನ ವ್ಯತ್ಯಾಸ. ಆದ್ದರಿಂದ "ನೂರಕ್ಕೆ ಎಷ್ಟು" ಎನ್ನುವ ಬದಲು "ಬೆಳಿಗ್ಗೆಗಿಂತ ಈಗ ಹೇಗಿದ್ದಾರೆ? ಮುಂದೆ ಯಾವಾಗ ನೋಡುತ್ತೀರಿ?" ಎಂದು ಕೇಳಿ. ವೈದ್ಯರು ಇದಕ್ಕೆ ನಿಖರವಾಗಿ ಉತ್ತರಿಸಬಲ್ಲರು.

ಇದೆಲ್ಲಕ್ಕಿಂತ ಮೊದಲಿನ ಮಾತು ಇನ್ನೊಂದಿದೆ. ವಯಸ್ಸಾದವರಿಗೆ ನಂಜೇರಿದರೂ ಕೆಲವೊಮ್ಮೆ ಜ್ವರವೇ ಇರುವುದಿಲ್ಲ. ಊರಿಗೆ ಫೋನ್ ಮಾಡಿದಾಗ "ಜ್ವರ ಇದೆಯಾ" ಎಂದಷ್ಟೇ ಕೇಳಿ ಇಡಬೇಡಿ. ಉಸಿರು ಜೋರಾಗಿದೆಯಾ, ಮಾತು ತೊದಲುತ್ತಿದೆಯಾ, ಮಂಕಾಗಿ ಮಲಗೇ ಇದ್ದಾರಾ, ಬೆಳಗಿನಿಂದ ಮೂತ್ರಕ್ಕೆ ಹೋಗಿದ್ದಾರಾ ಎಂದು ವಿಚಾರಿಸಿ. ಅನುಮಾನ ಬಂದರೆ ಬೆಳಗಾಗಲಿ ಎಂದು ಕಾಯದೆ, ಪಕ್ಕದ ಮನೆಯವರಿಗೆ ಹೇಳಿ ಆಗಲೇ ಆಟೋ ಹತ್ತಿಸಿ.