ಗ್ಯಾರೇಜಿನ ವಿದ್ಯೆಗೂ ಕಾಲೇಜಿನಲ್ಲೊಂದು ಬೆಂಚು ಬೇಕು

ಮುಂದಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಏನು ಮಾಡೋಣ ಎಂಬ ಮಾತು ನಮ್ಮ ತರಗತಿಗಳಲ್ಲಿ ಈಗಾಗಲೇ ಶುರುವಾಗಿದೆ. ಜ್ವಾಲಾಮುಖಿ, ಹನಿ ನೀರಾವರಿ, ಸೌರಶಕ್ತಿಯ ಮನೆ, ಆನ್‌ಲೈನ್‌ನಲ್ಲಿ ತರಿಸಿದ ಕಿಟ್ ಜೋಡಿಸಿ ಮಾಡಿದ ಒಂದೆರಡು ರೋಬೋಟ್ ಈ ವರ್ಷವೂ ಬರುತ್ತವೆ. ಅವು ಬೇಡ ಎನ್ನುವವನು ನಾನಲ್ಲ. ಆದರೆ ನನ್ನದೂ ಒಂದು ಪ್ರಸ್ತಾಪವಿದೆ. ಬೆಂಗಳೂರಿನಲ್ಲಿ ಜೋಡಣೆಯಾದ ಹಳೆಯ ಯುದ್ಧವಿಮಾನವೊಂದರ ದೊಡ್ಡ ಮಾದರಿಯನ್ನು ನಾವೇ ಕಟ್ಟೋಣ. ಅದರ ಮೂತಿಯಲ್ಲಿರುವ ರೇಡಿಯಲ್ ಎಂಜಿನ್ ಹೇಗೆ ತಿರುಗುತ್ತದೆ ಎಂದು ಬಿಚ್ಚಿ ತೋರಿಸೋಣ. ಕಲಿಸಲು ನಮ್ಮ ಬಡಾವಣೆಯ ಮೆಕ್ಯಾನಿಕ್‌ಗಳನ್ನು ಕಾಲೇಜಿಗೆ ಕರೆಯೋಣ. ಮೂರನೆಯ ಮಾತೇ ನನ್ನ ಮುಖ್ಯ ಮಾತು. ಅದಕ್ಕೆ ಬರುವ ಮೊದಲು ವಿಮಾನದ ವಿಷಯ ಹೇಳಿಬಿಡುತ್ತೇನೆ.

ಬೆಂಗಳೂರಿನಲ್ಲಿ ಎರಡು ಪುಟ್ಟೇನಹಳ್ಳಿಗಳಿವೆ. ಒಂದು ಯಲಹಂಕದ ಕಡೆಯದು. ಅಲ್ಲಿನವರಿಗೆ ವಾಯುನೆಲೆ ಹತ್ತಿರ, ಏರೋ ಇಂಡಿಯಾ ಬಂದರೆ ಮನೆಯ ಮಹಡಿ ಮೇಲಿಂದಲೇ ವಿಮಾನಗಳ ಕಸರತ್ತು ನೋಡುತ್ತಾರೆ. ಇನ್ನೊಂದು ನಮ್ಮದು, ಜೆ.ಪಿ. ನಗರದ ಪುಟ್ಟೇನಹಳ್ಳಿ. ನಮಗೆ ವಿಮಾನ ದೂರ, ಹತ್ತಿರ ಇರುವುದು ಕೆರೆ ಮತ್ತು ಗ್ಯಾರೇಜುಗಳು. ಆದರೆ ಬೆಂಗಳೂರಿನ ವಿಮಾನಗಳ ಕಥೆ ಶುರುವಾದದ್ದೂ ಒಂದು ಬಗೆಯ ಗ್ಯಾರೇಜ್ ಕೆಲಸದಿಂದಲೇ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು?

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಜಾಗ ಮತ್ತು ಬಂಡವಾಳ ಎರಡರಲ್ಲೂ ಮೈಸೂರು ಸರ್ಕಾರ ಕೈಜೋಡಿಸಿತು. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ, 1942ರಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ ಇಲ್ಲಿ ಜೋಡಣೆಯಾಗಿ ಹಾರಿದವು. ಮಹಾಯುದ್ಧ ಜೋರಾದ ಮೇಲೆ ಈ ಕಾರ್ಖಾನೆ ಅಮೆರಿಕನ್ ವಾಯುಪಡೆಯ ದೊಡ್ಡ ದುರಸ್ತಿ ಕೇಂದ್ರವಾಯಿತು. ಡಕೋಟಾ, ಮಿಚೆಲ್, ಲಿಬರೇಟರ್, ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ಎಲ್ಲವೂ ರಿಪೇರಿಗೆ ಬೆಂಗಳೂರಿಗೆ ಬಂದವು.

ಯುದ್ಧ ಮುಗಿದ ಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಲಿಬರೇಟರ್ ನಾಲ್ಕು ಎಂಜಿನ್‌ಗಳ ಬಾಂಬರ್, ರೆಕ್ಕೆಯ ಅಗಲ 110 ಅಡಿ. ಇಂಥ ಹತ್ತಾರು ವಿಮಾನಗಳನ್ನು ಕಾನ್ಪುರದ ಚಕೇರಿಯಲ್ಲಿ, ಮತ್ತೆ ಹಾರದಂತೆ ಹಾಳುಗೆಡವಿ ಬಿಟ್ಟು ಹೋಗಿದ್ದರು. ಹೊಸ ಬಾಂಬರ್ ಕೊಳ್ಳಲು ಸ್ವತಂತ್ರ ಭಾರತದ ಬಳಿ ಹಣವಿರಲಿಲ್ಲ. ಬೆಂಗಳೂರಿನ ಎಚ್‌ಎಎಲ್ ಕೆಲಸಗಾರರು ಆ ಗುಜರಿಯ ಮಧ್ಯೆ ಹೋಗಿ ನಿಂತು, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಬೆಂಗಳೂರಿನ ತನಕ ಹಾರುವಷ್ಟು ಮಟ್ಟಿಗೆ ಸರಿಪಡಿಸಿದರು. ಇಲ್ಲಿ ಪೂರ್ತಿ ಹೊಸದು ಮಾಡಿದರು. ಹೀಗೆ 42 ಲಿಬರೇಟರ್‌ಗಳು ಮತ್ತೆ ಹಾರಿದವು. 1948ರ ನವೆಂಬರಿನಿಂದ ಭಾರತೀಯ ವಾಯುಪಡೆ ಅವನ್ನು ಬಳಸತೊಡಗಿತು, 1968ರವರೆಗೂ ಬಳಸಿತು. ಇಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ, ಅಮೆರಿಕದ ಪೀಮಾ ಮ್ಯೂಸಿಯಂಗಳಲ್ಲಿ ಜನ ಬೆರಗಿನಿಂದ ನೋಡುವ ಲಿಬರೇಟರ್‌ಗಳು ನಮ್ಮ ವಾಯುಪಡೆಯಿಂದ ಹೋದವು. ಬೇರೆ ದೇಶಗಳು ಒಡೆದು ಕರಗಿಸಿದ್ದನ್ನು ನಮ್ಮವರು ರಿಪೇರಿ ಮಾಡಿ ಉಳಿಸಿದರು.

ಈ ವಿಮಾನಗಳಿಗೆಲ್ಲ ಒಂದು ಸಾಮ್ಯವಿದೆ. ಅವುಗಳ ಎಂಜಿನ್ ರೇಡಿಯಲ್. ಬೈಕಿನಲ್ಲಿ ಒಂದೇ ಸಿಲಿಂಡರ್ ಇರುತ್ತದೆ, ಕಾರಿನಲ್ಲಿ ಸಾಲಾಗಿ ಮೂರೋ ನಾಲ್ಕೋ ಇರುತ್ತವೆ. ರೇಡಿಯಲ್ ಎಂಜಿನ್ನಿನಲ್ಲಿ ಸಿಲಿಂಡರ್‌ಗಳು ಸೂರ್ಯಕಾಂತಿ ಹೂವಿನ ದಳಗಳಂತೆ ನಡುವಿನ ಕ್ರ್ಯಾಂಕ್‌ಶಾಫ್ಟ್ ಸುತ್ತ ನಿಂತಿರುತ್ತವೆ. ಒಂದು ಮುಖ್ಯ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರಿರುತ್ತದೆ, ಉಳಿದ ರಾಡ್‌ಗಳು ಆ ಮುಖ್ಯ ರಾಡಿನ ಬುಡಕ್ಕೆ ಸೇರಿರುತ್ತವೆ. ಎದುರಿನ ಗಾಳಿ ನೇರವಾಗಿ ಎಲ್ಲ ಸಿಲಿಂಡರ್‌ಗಳಿಗೂ ಬಡಿಯುವುದರಿಂದ ತಣ್ಣಗಾಗಲು ನೀರು ಬೇಡ, ರೇಡಿಯೇಟರ್ ಬೇಡ. ಲಿಬರೇಟರ್, ಡಕೋಟಾ ಎರಡರಲ್ಲೂ ಇದ್ದ ಪ್ರಾಟ್ ಅಂಡ್ ವಿಟ್ನಿ ಟ್ವಿನ್ ವಾಸ್ಪ್ ಎಂಜಿನ್ನಿಗೆ ಏಳೇಳರ ಎರಡು ಸಾಲುಗಳಲ್ಲಿ 14 ಸಿಲಿಂಡರ್, ಒಟ್ಟು 30 ಲೀಟರ್, ಸುಮಾರು 1,200 ಅಶ್ವಶಕ್ತಿ. ಅಂದರೆ ಅದರ ಒಂದೊಂದು ಸಿಲಿಂಡರೂ 350 ಸಿಸಿಯ ಆರು ಬುಲೆಟ್ ಬೈಕುಗಳಿಗೆ ಸಮ!

ಇಲ್ಲೊಂದು ಲೆಕ್ಕವಿದೆ, ಪಿಸಿಎಂನವರು ಕಾಗದ ತೆಗೆದುಕೊಳ್ಳಿ. ನಾಲ್ಕು ಸ್ಟ್ರೋಕಿನ ರೇಡಿಯಲ್ ಎಂಜಿನ್ನಿನಲ್ಲಿ ಪ್ರತಿ ಸಾಲಿಗೂ ಸಿಲಿಂಡರ್‌ಗಳ ಸಂಖ್ಯೆ ಬೆಸವೇ ಇರುತ್ತದೆ: 5, 7, ಇಲ್ಲವೇ 9. ಯಾಕೆ? ಪ್ರತಿ ಸಿಲಿಂಡರ್ ಕ್ರ್ಯಾಂಕಿನ ಎರಡು ಸುತ್ತಿಗೆ, ಅಂದರೆ 720 ಡಿಗ್ರಿಗೆ, ಒಮ್ಮೆ ಸಿಡಿಯಬೇಕು. ಒಂಬತ್ತು ಸಿಲಿಂಡರ್ ಇದ್ದರೆ 80 ಡಿಗ್ರಿಗೊಂದು ಸಿಡಿತ. ಸಿಲಿಂಡರ್‌ಗಳ ನಡುವಿನ ಕೋನ 40 ಡಿಗ್ರಿ. ಆದ್ದರಿಂದ ಒಂದು ಬಿಟ್ಟು ಒಂದು ಸಿಡಿಯುತ್ತಾ ಹೋಗುತ್ತವೆ: 1, 3, 5, 7, 9, ಮುಂದಿನ ಸುತ್ತಿನಲ್ಲಿ 2, 4, 6, 8, ಮತ್ತೆ 1. ಎಲ್ಲೂ ತಾಳ ತಪ್ಪುವುದಿಲ್ಲ. ಎಂಟು ಸಿಲಿಂಡರ್ ಇಟ್ಟು ನೋಡಿ. 1, 3, 5, 7 ಆದ ಮೇಲೆ ಸರದಿ ಮತ್ತೆ 1ಕ್ಕೇ ಬರುತ್ತದೆ, 2, 4, 6, 8 ಕಾಯುತ್ತಲೇ ಉಳಿಯುತ್ತವೆ. ಪಠ್ಯಪುಸ್ತಕದ ಕೋನ, ವೃತ್ತ, ಆವರ್ತನ ಎಲ್ಲವೂ ಒಂದು ಕಬ್ಬಿಣದ ಹೂವಿನೊಳಗೆ ಕೂತಿವೆ.

ಮಾದರಿ ವಿಮಾನಗಳಲ್ಲಿ ‘ಜೈಂಟ್ ಸ್ಕೇಲ್’ ಎಂಬ ವರ್ಗವೇ ಇದೆ. ಅಮೆರಿಕದ ಹವ್ಯಾಸಿಗಳ ಲೆಕ್ಕದಲ್ಲಿ ಒಂಟಿ ರೆಕ್ಕೆಯ ಮಾದರಿಯಾದರೆ ಅಗಲ ಕನಿಷ್ಠ 80 ಇಂಚು ಇರಬೇಕು. ಅಷ್ಟು ದೊಡ್ಡದು ಯಾಕೆ? ಬರೀ ಜಂಭಕ್ಕಲ್ಲ. ಹಾಕ್ ವಿಮಾನದ ರೆಕ್ಕೆ ಸುಮಾರು 11.4 ಮೀಟರ್, ತುಂಬಿದ ತೂಕ ಸುಮಾರು ಎರಡೂವರೆ ಟನ್. ಅದನ್ನು ಐದನೇ ಒಂದಕ್ಕೆ ಇಳಿಸಿದರೆ ರೆಕ್ಕೆ 2.28 ಮೀಟರ್, ಅಂದರೆ 90 ಇಂಚು. ರೆಕ್ಕೆಯ ವಿಸ್ತೀರ್ಣ 25ನೇ ಒಂದು ಭಾಗ, ತೂಕ 125ನೇ ಒಂದು ಭಾಗ, ಅಂದರೆ 20 ಕೆ.ಜಿ. ಪ್ರತಿ ಚದರ ಮೀಟರ್ ರೆಕ್ಕೆ ಹೊರುವ ಭಾರ ಐದನೇ ಒಂದಾಯಿತು. ಎತ್ತುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಹಾರಲು ಬೇಕಾದ ವೇಗ √5ರಿಂದ ಮಾತ್ರ ತಗ್ಗುತ್ತದೆ. ಆದರೆ ಕಣ್ಣಿಗೆ ನಿಜವೆನಿಸಬೇಕಾದರೆ ವೇಗ ಐದನೇ ಒಂದಾಗಬೇಕಿತ್ತು. ಹಾಗಾಗಿ ಈ ಮಾದರಿ ತನ್ನ ಗಾತ್ರಕ್ಕೆ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಓಡಿದಂತೆ ಕಾಣುತ್ತದೆ. ಹದಿನಾರನೇ ಒಂದಕ್ಕೆ ಇಳಿಸಿದರೆ ನಾಲ್ಕು ಪಟ್ಟು! ಅದಕ್ಕೇ ಚಿಕ್ಕ ಮಾದರಿ ಸೊಳ್ಳೆಯಂತೆ ಗುಂಯ್ಗುಡುತ್ತದೆ, ದೊಡ್ಡದು ಹದ್ದಿನಂತೆ ತೇಲುತ್ತದೆ.

ಇನ್ನು ಮೆಕ್ಯಾನಿಕ್‌ಗಳ ಮಾತು. ನಮ್ಮ ಮಾಮು ಬನ್ನೇರುಘಟ್ಟ ರಸ್ತೆಯ ಕಡೆ ಬೈಕ್ ಗ್ಯಾರೇಜ್ ಇಟ್ಟಿದ್ದಾರೆ. ಏಳನೇ ತರಗತಿಗೆ ಶಾಲೆ ಬಿಟ್ಟವರು. ಒಮ್ಮೆ ಅವರಿಗೆ ರೇಡಿಯಲ್ ಎಂಜಿನ್ ಹಾಕಿದ ದೊಡ್ಡ ಮಾದರಿ ವಿಮಾನದ ವಿಡಿಯೊ ತೋರಿಸಿದೆ. ‘ವಾಹ್’ ಎನ್ನುತ್ತಾರೆಂದು ಕಾದಿದ್ದೆ. ಅವರು ಒಂದು ನಿಮಿಷ ನೋಡಿ, ‘ನಿಲ್ಲಿಸಿಟ್ಟಾಗ ಆಯಿಲ್ ಎಲ್ಲಾ ಕೆಳಗಿನ ಸಿಲಿಂಡರ್‌ಗೆ ಇಳಿಯಲ್ವೇನೋ? ಹಾಗೇ ಸ್ಟಾರ್ಟ್ ಮಾಡಿದ್ರೆ ರಾಡ್ ಬೆಂಡ್ ಆಗತ್ತೆ’ ಎಂದರು. ನಿಜಕ್ಕೂ ರೇಡಿಯಲ್ ಎಂಜಿನ್ನಿನ ದೊಡ್ಡ ತೊಂದರೆ ಅದೇ. ದ್ರವ ಕುಗ್ಗುವುದಿಲ್ಲ, ಪಿಸ್ಟನ್ ಅದಕ್ಕೆ ಹೊಡೆದರೆ ರಾಡ್ ಬಾಗುತ್ತದೆ. ಅದಕ್ಕೇ ಹಳೆಯ ವಿಮಾನಗಳನ್ನು ಚಾಲೂ ಮಾಡುವ ಮುಂಚೆ ಸಿಬ್ಬಂದಿ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡುತ್ತಿದ್ದರು. ಚಾಲೂ ಆದಾಗ ಬರುವ ದಟ್ಟ ಹೊಗೆಯೂ ಕೆಳಗೆ ಇಳಿದ ಆ ಎಣ್ಣೆಯದೇ. ನಾನು ಪುಸ್ತಕ ಓದಿ ತಿಳಿದದ್ದನ್ನು ಮಾಮು ಎಂಜಿನ್ ನೋಡಿಯೇ ಹೇಳಿದರು.

ಆದರೆ ನಮ್ಮ ಮನೆಗಳಲ್ಲಿ ಮಾತು ಹೇಗಿದೆ? ‘ಓದದಿದ್ದರೆ ಗ್ಯಾರೇಜಿಗೆ ಹಾಕ್ತೀನಿ.’ ಗ್ಯಾರೇಜ್ ಒಂದು ಶಿಕ್ಷೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಗ್ಯಾರೇಜ್, ವೆಲ್ಡಿಂಗ್, ಎಸಿ ರಿಪೇರಿಗೆ ಹೋದ ಗೆಳೆಯರು ನಮ್ಮಲ್ಲಿ ಎಲ್ಲರಿಗೂ ಇದ್ದಾರೆ. ದಾರಿಯಲ್ಲಿ ಸಿಕ್ಕರೆ ಗ್ರೀಸ್ ಮೆತ್ತಿದ ಕೈಯನ್ನು ಅವರು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅವರ ಕೈಗೆ ಗೊತ್ತಿರುವುದು ನಮ್ಮ ಉತ್ತರಪತ್ರಿಕೆಗೆ ಗೊತ್ತಿಲ್ಲ, ನಮ್ಮ ಉತ್ತರಪತ್ರಿಕೆಗೆ ಗೊತ್ತಿರುವುದನ್ನು ಅವರಿಗೆ ಯಾರೂ ಹೇಳುವುದಿಲ್ಲ. ಇದರಲ್ಲಿ ಇಬ್ಬರಿಗೂ ನಷ್ಟ.

ನಮ್ಮ ಪರಂಪರೆ ಹೀಗಿರಲಿಲ್ಲ. 1206ರಲ್ಲಿ ಯಂತ್ರಗಳ ಬಗ್ಗೆ ಮಹಾಗ್ರಂಥ ಬರೆದ ಅಲ್-ಜಝರಿ ಸ್ವತಃ ಕೈಕೆಲಸದವರು. ನೀರೆತ್ತುವ ಅವರ ಜೋಡಿ ಸಿಲಿಂಡರಿನ ಪಂಪಿನಲ್ಲಿ ಸುತ್ತುವ ಚಲನೆ ಪಿಸ್ಟನ್ನಿನ ಹಿಂದುಮುಂದಿನ ಚಲನೆಯಾಗುತ್ತದೆ. ರೇಡಿಯಲ್ ಎಂಜಿನ್ ಮಾಡುವುದು ಅದರ ತಿರುವುಮುರುವು. ಓದಿದವರು ಮತ್ತೆ ಕಟ್ಟಬಹುದಾದಂತೆ ಅವರು ಚಿತ್ರ, ಅಳತೆ ಸಮೇತ ಬರೆದರು. ಅವರ ಕಾಲದಲ್ಲಿ ಲೇಖನಿ ಮತ್ತು ಸುತ್ತಿಗೆ ಒಂದೇ ಕೈಯಲ್ಲಿದ್ದವು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಮೊದಲನೆಯದು ಗಂಭೀರವಾದದ್ದು: ದಿನವೂ ಸುದ್ದಿಯಲ್ಲಿ ಬಾಂಬ್ ಬಿದ್ದ ಮನೆಗಳನ್ನು ನೋಡುವ ನಾವು ಯುದ್ಧವಿಮಾನವನ್ನು ಆಟಿಕೆ ಮಾಡಬೇಕೇ? ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಲಿಬರೇಟರ್ ಸುಂದರ ಯಂತ್ರ, ಆದರೆ ಅದು ಕಟ್ಟಿದ್ದು ಬಾಂಬ್ ಹಾಕಲಿಕ್ಕೆ. 1943ರ ಆಗಸ್ಟ್ 1ರಂದು ರೊಮೇನಿಯಾದ ಪ್ಲೊಯೆಷ್ಟಿ ತೈಲಾಗಾರಗಳ ಮೇಲೆ ದಾಳಿಗೆ ಹೋದ ಲಿಬರೇಟರ್‌ಗಳಲ್ಲಿ 50ಕ್ಕೂ ಹೆಚ್ಚು ನಾಶವಾದವು, ಅವುಗಳಲ್ಲಿದ್ದ 300ಕ್ಕೂ ಹೆಚ್ಚು ಹುಡುಗರು ಸತ್ತರು. ಅವರಲ್ಲಿ ಹಲವರು ನಮಗಿಂತ ಮೂರ್ನಾಲ್ಕು ವರ್ಷವಷ್ಟೇ ದೊಡ್ಡವರು. ಇನ್ನೊಂದೆಡೆ, ಅದೇ ಎಂಜಿನ್ ಹೊತ್ತ ಡಕೋಟಾಗಳು 1947ರಲ್ಲಿ ವಿಭಜನೆಯ ನಿರಾಶ್ರಿತರನ್ನು ಸಾಗಿಸಿದವು. ಅಂದರೆ ಎಂಜಿನ್ನಿಗೆ ಪಾಪಪುಣ್ಯ ಗೊತ್ತಿಲ್ಲ, ಲೆಕ್ಕ ಕೊಡಬೇಕಾದವರು ಮನುಷ್ಯರು. ಹಾಗಾಗಿ ನನ್ನ ಷರತ್ತು ಇದು: ಮಾದರಿಯ ಪಕ್ಕದಲ್ಲಿ ಒಂದು ಫಲಕ ಇರಬೇಕು. ಈ ವಿಮಾನ ಯಾರನ್ನು ಕೊಂದಿತು, ಯಾರನ್ನು ಉಳಿಸಿತು, ಎರಡನ್ನೂ ಅದರಲ್ಲಿ ಬರೆಯಬೇಕು. ಬಣ್ಣ ಹೊಳೆಯುವ ರೆಕ್ಕೆ ಮಾತ್ರ ತೋರಿಸಿದರೆ ಅದು ಅರ್ಧ ಸತ್ಯ. ಯಂತ್ರವನ್ನೇ ನೋಡುವುದಿಲ್ಲ ಎಂದರೂ ಅಷ್ಟೇ.

ಎರಡನೆಯದು ಹಣ. ಮಾದರಿಗೆ ಹಾಕುವ ನಿಜವಾದ ರೇಡಿಯಲ್ ಎಂಜಿನ್ ನಮ್ಮ ಕೈಗೆಟುಕುವುದಲ್ಲ. ಬೇಕಾಗಿಯೂ ಇಲ್ಲ. ಪ್ಲೈವುಡ್, ಪಿವಿಸಿ ಪೈಪು, ಸೈಕಲ್ಲಿನ ಬೇರಿಂಗು ಮತ್ತು ಕಡ್ಡಿಗಳಿಂದ ಒಂಬತ್ತು ಸಿಲಿಂಡರಿನ, ಕೈಹಿಡಿಯಿಂದ ತಿರುಗಿಸುವ ತೆರೆದ ಎಂಜಿನ್ ಮಾಡಬಹುದು. ಪ್ರತಿ ಸಿಲಿಂಡರಿನ ತುದಿಗೆ ಒಂದು ಎಲ್‌ಇಡಿ ಹಾಕಿದರೆ ಸಿಡಿತದ ಸರದಿಯೂ ಕಾಣುತ್ತದೆ. ಎಲ್‌ಇಡಿ, ವೈರು ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ವಿಮಾನದ ಮೈಗೆ ಥರ್ಮಾಕೋಲ್, ಬಿದಿರು, ಕಾಗದ ಸಾಕು. ಮೊದಲ ವರ್ಷ ಅದು ಸ್ಟ್ಯಾಂಡಿನ ಮೇಲೆ ನಿಲ್ಲಲಿ. ಹಾರಿಸುವ ಮಾತು ಬಂದಾಗ 2021ರ ಡ್ರೋನ್ ನಿಯಮಗಳಿವೆ, ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆ ಇದೆ, ಏರೋಮಾಡೆಲಿಂಗ್ ಕಲಿಸುವ ಎನ್‌ಸಿಸಿ ವಾಯುದಳ ಇದೆ. ಕೆರೆಯ ಹಕ್ಕಿಗಳ ಮೇಲೋ ಯಾರದೋ ಮನೆಯ ಮೇಲೋ ಹಾರಿಸುವ ಪ್ರಶ್ನೆಯೇ ಇಲ್ಲ.

ಮೂರನೆಯದು ಪರೀಕ್ಷೆ. ಸಿಇಟಿ, ನೀಟ್ ತಲೆಯ ಮೇಲಿರುವಾಗ ಇದೆಲ್ಲ ಯಾಕೆ ಎಂದು ಅಮ್ಮಿ, ಅಬ್ಬು ಕೇಳುತ್ತಾರೆ, ಕೇಳಬೇಕು. ವಾರಕ್ಕೆ ಎರಡು ಗಂಟೆ ನಾವು ಫೋನಿನಲ್ಲಿ ಎಲ್ಲಿ ಕಳೆಯುತ್ತೇವೆ ಎಂದು ಎದೆ ಮುಟ್ಟಿಕೊಂಡು ಹೇಳಿದರೆ ಉತ್ತರ ಸಿಗುತ್ತದೆ. √5 ಎಲ್ಲಿಂದ ಬಂತು ಎಂದು ಒಮ್ಮೆ ಕೈಯಿಂದ ತಿಳಿದವರು ಪರೀಕ್ಷೆಯಲ್ಲಿ ಅದನ್ನು ಮರೆಯಲಾರರು.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಭೌತಶಾಸ್ತ್ರದ ಉಪನ್ಯಾಸಕರಲ್ಲಿ ನನ್ನ ವಿನಂತಿ ಚಿಕ್ಕದು. ಪ್ರಯೋಗಾಲಯದ ಮೂಲೆಯಲ್ಲಿ ಒಂದು ಗಟ್ಟಿ ಬೆಂಚು, ಒಂದು ವೈಸ್, ಶನಿವಾರ ಮಧ್ಯಾಹ್ನ ಎರಡು ಗಂಟೆ. ತಿಂಗಳಿಗೊಮ್ಮೆ ಒಬ್ಬ ಮೆಕ್ಯಾನಿಕ್ ಬಂದು ಕಲಿಸಲಿ, ಅತಿಥಿ ಉಪನ್ಯಾಸಕರಿಗೆ ಸಿಗುವ ಶಾಲು, ಗೌರವಧನ ಅವರಿಗೂ ಸಿಗಲಿ. ಕೆಲಸ ಶುರುಮಾಡುವ ಮುನ್ನ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಒಂದು ದಿನದ ಪ್ರವಾಸ ಹೋಗೋಣ. ಎರಡನೆಯದರಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಇದೆ. ಅವರು ಸೈಕಲ್ ರಿಪೇರಿ ಅಂಗಡಿ ನಡೆಸುತ್ತಿದ್ದವರು ಎಂಬುದನ್ನು ಅಲ್ಲಿ ನಿಂತು ನೆನಪಿಸಿಕೊಳ್ಳೋಣ. ವಾಣಿಜ್ಯ, ಕಲಾ ವಿಭಾಗದವರೂ ಬನ್ನಿ: ಫಲಕ ಬರೆಯಲು, ಲೆಕ್ಕ ಇಡಲು, ಬಣ್ಣ ಹಚ್ಚಲು ಜನ ಬೇಕು. ಹುಡುಗಿಯರ ಹೆಸರು ಪಟ್ಟಿಯಲ್ಲಿ ಮೊದಲು ಬರಲಿ, ಸ್ಪ್ಯಾನರ್ ಹಿಡಿಯುವ ಅವಕಾಶ ಅವರಿಗೆ ನಮಗಿಂತಲೂ ಕಡಿಮೆ ಸಿಕ್ಕಿದೆ. ಸೇರಬಯಸುವವರು ಈ ತಿಂಗಳೊಳಗೆ ಭೌತಶಾಸ್ತ್ರ ವಿಭಾಗದಲ್ಲಿ ಹೆಸರು ಕೊಡಿ. ಹತ್ತು ಹೆಸರು ಬಂದರೆ ಬೆಂಚು ಕೇಳಲು ನಾವೆಲ್ಲ ಒಟ್ಟಿಗೆ ಹೋಗೋಣ.